ಕಪ್ಪು ಪರದೆ, ಹಳದಿ ಅಕ್ಷರ

"ವೈರಸ್ ಬಂದಿರೋ ಕಂಪ್ಯೂಟರ್ ಇದೇನಾ?" ಬಾಗಿಲಲ್ಲಿ ನಿಂತವನು ಕೇಳಿದ.

ಕೃತಿಕಾ ಕುರ್ಚಿ ಬಿಟ್ಟು ಏಳಲಿಲ್ಲ. "ವೈರಸ್ಸೂ ಇಲ್ಲ, ಏನೂ ಇಲ್ಲ. ನಾನೇ ಹಂಗೆ ಮಾಡಿರೋದು. ಮುಟ್ಬೇಡಿ."

ಅಜ್ಜಂಪುರದ ಈ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಹಿಂದಿನ ವಾರ ಬಂದಿದ್ದ ಮ್ಯಾನೇಜರ್ ರುದ್ರಮೂರ್ತಿ, ಪರದೆ ನೋಡಿ ಹೌಹಾರಿದ್ದರು. ಕಡೂರಿನ ಕಚೇರಿಗೆ ಹೋದವರೇ ಈ ಓಂಕಾರೇಶನನ್ನು ರಿಪೇರಿಗೆ ಅಟ್ಟಿದ್ದರು.

ಸಾಫ್ಟ್‌ವೇರ್ ಹದಿನೈದು ವರ್ಷ ಹಳೆಯದು, ಜಾವಾದಲ್ಲಿ ಬರೆದದ್ದು. ಕಡೂರು ಕೇಂದ್ರದ ಲಿನಕ್ಸ್‌ನಲ್ಲೂ ತರೀಕೆರೆ ಕೇಂದ್ರದ ವಿಂಡೋಸ್‌ನಲ್ಲೂ ಒಂದೇ ಬೂದಿ ಮುಖ ಹೊತ್ತು ಓಡುತ್ತಿತ್ತು. ಇಲ್ಲಿ ಮಾತ್ರ ಕಪ್ಪು ಪರದೆ, ಅದರ ಮೇಲೆ ಹೆಬ್ಬೆರಳು ಗಾತ್ರದ ಹಳದಿ ಅಕ್ಷರ. ಬರೆದವರೇ ಮರೆತಿದ್ದ, ಪರದೆಯ ಬಣ್ಣ ಅಡಗಿದ್ದ ಥೀಮ್ ಫೈಲನ್ನು ಹುಡುಕಿ, ನೋಟ್‌ಪ್ಯಾಡಿನಲ್ಲಿ ತೆರೆದು, ಸಾಲು ಸಾಲಾಗಿ ತಿದ್ದಿದವಳು ಕೃತಿಕಾ. ಯಾರೂ ಹೇಳಿಕೊಟ್ಟಿರಲಿಲ್ಲ.

ಓಂಕಾರೇಶ್ ಪರದೆಯತ್ತ ಬಾಗಿದ. "ಚೆನ್ನಾಗೇನೋ ಇದೆ ಕಣ್ರೀ. ಸೇವ್ ಬಟನ್ ಎಲ್ಲೋಯ್ತು?"

"ಅಕ್ಷರ ದೊಡ್ಡದು ಮಾಡ್ದಾಗ ಪರದೆಯಿಂದಾಚೆ ಕೆಳಗೆ ಜಾರ್ಹೋಯ್ತು. ಏಳು ಸಲ ಟ್ಯಾಬ್ ಒತ್ತಿ ಎಂಟರ್ ಹೊಡೆದ್ರೆ ಸೇವ್ ಆಗುತ್ತೆ."

"ಎಷ್ಟು ದಿನದಿಂದ ಹಿಂಗೆ?"

"ಎರಡು ವರ್ಷ ಆಯ್ತು."

ಅವನ ಕಣ್ಣು ತನ್ನ ಬೆರಳುಗಳ ಮೇಲೇ ಇದೆಯೆಂದು ಕೃತಿಕಾಗೆ ಗೊತ್ತಾಯಿತು. ಉಗುರಿನಲ್ಲಿ ಕೆಮ್ಮಣ್ಣು ಉಳಿದಿತ್ತು. ಕೈ ಮಡಚಿಕೊಂಡಳು. ಕೆನ್ನೆ ಬಿಸಿಯಾಯಿತು, ಅದಕ್ಕೇ ಇನ್ನಷ್ಟು ಮುಖ ಗಂಟಿಕ್ಕಿದಳು.

"ಆರ್ಡರ್ ಆಗಿದೆ ರೀ, ಏನ್ಮಾಡ್ಲಿ," ಎನ್ನುತ್ತಾ ಅವನು ಹಳೆಯ ಫೈಲನ್ನು ವಾಪಸ್ ಹಾಕಿದ.

ಪರದೆ ಬೂದಿಯಾಯಿತು. ಕೃತಿಕಾ ಅರ್ಧ ತುಂಬಿದ್ದ ರಿಪೋರ್ಟಿನ ಮೇಲೆ ಬಾಗಿದಳು. ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋದರೂ ಆರು ಯಾವುದು, ಎಂಟು ಯಾವುದು ತಿಳಿಯಲಿಲ್ಲ. ಸಿಟ್ಟು ಬಂತು.

"ಈಗ ಗೊತ್ತಾಯ್ತಾ?" ದಪ್ಪ ಕನ್ನಡಕವನ್ನು ಮೇಲಕ್ಕೆ ಸರಿಸಿದಳು. "ಕನ್ನಡಕ ಇದ್ರೂ ನನಗೆ ಅರ್ಧನೇ ಕಾಣೋದು. ಯಾರಿಗೂ ಹೇಳ್ಬೇಡ, ಕೆಲಸನೂ ಹೋಗುತ್ತೆ, ಗಂಡೂ ಸಿಗಲ್ಲ ಅಂತಾಳೆ ನಮ್ಮಮ್ಮ. ಗಂಡಿನ ಕಡೆಯವರು ಬಂದಾಗ ಕನ್ನಡಕ ತೆಗೆಸಿ ಕೂರಿಸ್ತಾಳೆ."

"ಮತ್ತೆ ಗಂಡು ಹೆಂಗೆ ಕಾಣ್ತಾನೆ?"

"ಬಂದೋರು ಮೂರು ಜನ. ಮೂರೂ ಜನ ಒಂದೇ ಥರ ಕಂಡ್ರು."

ಅವನು ನಕ್ಕುಬಿಟ್ಟ. ಬಿಗುವಾಗಿರಬೇಕೆಂದುಕೊಂಡಿದ್ದ ಅವಳ ತುಟಿಯೂ ಮಾತು ಕೇಳಲಿಲ್ಲ.

ಅಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ರುದ್ರಮೂರ್ತಿಯವರ ದನಿ ಹೊರಗೆ ಕೇಳುವಷ್ಟು ಜೋರಾಗಿತ್ತು: "ಮೂರೂ ಕಡೆ ಒಂದೇ ಥರ ಇರ್ಬೇಕು ಕಣಯ್ಯಾ. ಸರಿ ಮಾಡಿದ್ಯಾ?"

ಓಂಕಾರೇಶ್ ತಡವರಿಸಿದ. ಕೃತಿಕಾ ಅವನ ಕೈಯಿಂದ ಫೋನ್ ಕಿತ್ತುಕೊಂಡಳು.

"ಸಾರ್, ಕೃತಿಕಾ ಮಾತಾಡ್ತಿರೋದು. ಹುಟ್ಟಿದಾಗ್ಲಿಂದ ನನ್ನ ಕಣ್ಣು ಮಂದ. ಬೂದಿ ಬಣ್ಣದಲ್ಲಿ ನನಗೆ ಅಂಕಿ ಕಾಣಲ್ಲ. ನಾನು ಹಾಕ್ಕೊಂಡ ಬಣ್ಣದಲ್ಲಿ ಎರಡು ವರ್ಷಕ್ಕೆ ಒಂದು ರಿಪೋರ್ಟೂ ತಪ್ಪಾಗಿಲ್ಲ, ತೆಗೆಸಿ ನೋಡಿ. ಪರದೆ ಕಪ್ಪಾಗೇ ಇರುತ್ತೆ. ಆಗಲ್ಲ ಅಂದ್ರೆ ನನ್ನ ತೆಗೀರಿ, ಕಾರಣ ಬರೆದುಕೊಟ್ಟು ತೆಗೀರಿ."

ಹೇಳಿ ಮುಗಿಸಿ ಫೋನ್ ಹಿಂದಕ್ಕೆ ಕೊಟ್ಟಳು.

"ಅವರಿಗೆ ಆ ಪರದೆನೇ ಬೇಕು ಅಂತ ನಾನೂ ಬರೆದುಕೊಡ್ತೀನಿ ಸಾರ್," ಎಂದ ಓಂಕಾರೇಶ್. ಆಮೇಲೆ ಎರಡು ಸಲ "ಹೂಂ ಸಾರ್" ಅಂದು ಫೋನಿಟ್ಟ.

"ಏನಂದ್ರು?"

"ಗೊಣಗಿದ್ರು. ಆಮೇಲೆ, ಇರ್ಲಿ ಬಿಡು ಅಂದ್ರು."

ಅವನು ಮತ್ತೆ ಕೀಬೋರ್ಡ್ ಎಳೆದುಕೊಂಡ. ಹಳದಿ ಅಕ್ಷರ ಮರಳಿತು. ಇನ್ನೊಂದು ಗಳಿಗೆಯಲ್ಲಿ, ಎರಡು ವರ್ಷ ಕಾಣೆಯಾಗಿದ್ದ ಸೇವ್ ಬಟನ್ನೂ ಅಗಲವಾಗಿ ಎದುರು ಬಂದು ಕೂತಿತು. ಬ್ಯಾಗು ಹೆಗಲಿಗೇರಿಸಿಕೊಂಡವನು ಹೊರಡದೆ ಅಲ್ಲೇ ನಿಂತ.

"ಭಾನುವಾರ ನಿಮ್ಮನೆಗೆ ಬರ್ಲಾ? ಅಪ್ಪ ಅಮ್ಮನ್ನ ಕರ್ಕೊಂಡು."

ಕೃತಿಕಾಳ ಎದೆ ಡವಗುಟ್ಟಿತು. ದನಿ ಮಾತ್ರ ಅಳುಕಲಿಲ್ಲ. "ಕನ್ನಡಕ ತೆಗೆಯಲ್ಲ."

"ತೆಗೀಬೇಡಿ."

"ನಿಮ್ಮ ಮನೇಲಿ ಏನಂತಾರೆ?"

"ಏನಾದ್ರೂ ಅನ್ಲಿ. ಹೆಣ್ಣು ನೋಡೋನು ನಾನಲ್ವಾ?"

"ನೀವೊಬ್ರೇ ನೋಡಿದ್ರೆ ಆಯ್ತಾ?" ಎಂದಳು ಕೃತಿಕಾ. "ಕೂತ್ಕೊಳ್ಳಿ ಇಲ್ಲಿ, ಬೆಳಕಿಗೆ. ಇನ್ನೂ ಸ್ವಲ್ಪ ಹತ್ರ."

ಅವನು ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತ. ಅವನ ಹುಬ್ಬು, ಗಲ್ಲದ ಮೇಲಿನ ಹಳೇ ಗಾಯದ ಗುರುತು, ಕಿವಿಯ ಪಕ್ಕ ಬ್ಲೇಡಿನಿಂದ ತಪ್ಪಿಸಿಕೊಂಡ ನಾಲ್ಕು ಕೂದಲು, ಎಲ್ಲವನ್ನೂ ಅವಳು ಆತುರವಿಲ್ಲದೆ ನೋಡಿದಳು. ಕೊನೆಗೆ ನಾಚಿ ತಲೆ ತಗ್ಗಿಸಿದ್ದು ಅವನು.