ಅಕ್ಕಿ ಗಿರಣಿ ಅಂಗಳದ ಸ್ಕೂಟರ್ ಕ್ಲಾಸು

"ಬ್ರೇಕು... ಮುರಿಗೆವ್ವಾ, ಬ್ರೇಕು ಹಿಡೀರಿ!"

ತನುಜಾ ಕೂಗುತ್ತಲೇ ಓಡಿದಳು. ಅಷ್ಟರಲ್ಲಿ ಸ್ಕೂಟರ್ ಗೇಟಿನತ್ತ ನುಗ್ಗಿಯಾಗಿತ್ತು. ಅಲ್ಲಿ ನಿಂತಿದ್ದ ಯುವಕ ಎಡಕ್ಕೋ ಬಲಕ್ಕೋ ಎಂದು ಯೋಚಿಸುವಷ್ಟರಲ್ಲಿ... ಧೊಪ್!

ಸ್ಕೂಟರ್ ನಿಂತಿತು. ಯುವಕ ಮಾತ್ರ ಪಕ್ಕದ ಹೊಟ್ಟಿನ ರಾಶಿಯಲ್ಲಿ ಅಂಗಾತ ಬಿದ್ದಿದ್ದ.

"ಯವ್ವಾ! ಹಿಡದೇನ್ರೀ ಅಕ್ಕಾರ... ಆದ್ರ ಮದ್ಲ ಹಿಡದದ್ದು ಎಕ್ಸಲೇಟರು!" ಮುರಿಗೆವ್ವ ಹಣೆ ಚಚ್ಚಿಕೊಂಡಳು.

ತನುಜಾಳಿಗೆ ನಗು ತಡೆಯಲಾಗಲಿಲ್ಲ. ಅವನು ಎದ್ದು, ಕೂದಲಿನ ಹೊಟ್ಟು ಕೊಡವಿಕೊಂಡು ಅವಳನ್ನೇ ದುರುಗುಟ್ಟಿ ನೋಡಿದ.

"ನಗ್ತೀರಾ? ಇವರಿಗೆ ಲರ್ನಿಂಗ್ ಲೈಸೆನ್ಸ್ ಆದ್ರೂ ಇದೆಯಾ?"

"ಇದು ರಸ್ತೆ ಅಲ್ಲ. ಮಂಜಿ ಅಜ್ಜಿಯ ಸ್ವಂತ ಜಾಗ. ಇಲ್ಲಿ ಎಂತ ಲೈಸೆನ್ಸು? ಅದನ್ನ ಕೇಳೋಕೆ ನೀವ್ಯಾರು?"

"ಮಂಜಿ ಅಜ್ಜಿಯ ಮೊಮ್ಮಗ. ಉಲ್ಲಾಸ."

ತನುಜಾಳ ನಗು ಅಲ್ಲಿಗೇ ನಿಂತಿತು.

ತನುಜಾ ಕೋಲಸಿರ್ಸಿಯ ಹುಡುಗಿ. ಸಿದ್ದಾಪುರದ ಸುತ್ತಲ ಹಳ್ಳಿಗಳಿಗೆ ಸ್ಕೂಟರಿನಲ್ಲಿ ಅಂಚೆ ಹಂಚುತ್ತಿದ್ದಳು. 'ನಮಗೂ ಕಲಿಸೇ' ಎಂದು ಮಹಿಳಾ ಸಂಘದ ಹೆಂಗಸರು ಬೆನ್ನು ಬಿದ್ದಾಗ, ಮುಚ್ಚಿಹೋದ ಅಕ್ಕಿ ಗಿರಣಿಯ ಈ ಸಿಮೆಂಟ್ ಅಂಗಳವನ್ನು ಮಂಜಿ ಅಜ್ಜಿ ಬಾಯಿಮಾತಿನಲ್ಲೇ ಬಿಟ್ಟುಕೊಟ್ಟಿದ್ದಳು. ದಿನಾ ಬೆಳಿಗ್ಗೆ ಒಂದು ಗಂಟೆ, ಹನ್ನೊಂದು ಜನ ಹೆಂಗಸರು, ಒಂದೇ ಸ್ಕೂಟರ್. ಹಣದ ಮಾತೇ ಇಲ್ಲ.

"ಜಾಗ ಖಾಸಗಿ, ಸರಿ," ಉಲ್ಲಾಸ ಹೇಳಿದ. "ಆದ್ರೆ ಗೇಟು ಯಾವಾಗ್ಲೂ ತೆರೆದೇ ಇರ್ತದೆ. ಬಸ್‌ಸ್ಟ್ಯಾಂಡಿಗೆ ಹೋಗೋರೆಲ್ಲ ಇದನ್ನೇ ಒಳದಾರಿ ಮಾಡ್ಕೊಂಡಿದಾರೆ. ಎಲ್ಲರೂ ಓಡಾಡೋ ಜಾಗನ ಕಾನೂನು ಸಾರ್ವಜನಿಕ ಜಾಗ ಅಂತ್ಲೇ ನೋಡಬಹುದು. ನಾಳೆ ಯಾರಿಗಾದ್ರೂ ಪೆಟ್ಟಾದ್ರೆ? ಎಲ್ಲ ಸರಿ ಆಗೋವರೆಗೆ ಕ್ಲಾಸು ಬೇಡ."

"ಬೇಡ ಅಂದ್ರೆ? ಜೂನಿನಿಂದ ಮುರಿಗೆವ್ವಗೆ ಬಿಸಿಯೂಟದ ಕೆಲಸ ಬಸ್ಸೇ ಇಲ್ಲದ ಊರಿನ ಶಾಲೇಲಿ. ಸ್ಕೂಟರ್ ಬರದಿದ್ರೆ ಅವಳು ಕೆಲಸ ಬಿಡಬೇಕು! ಗೊತ್ತಾ ನಿಮಗೆ?"

ಅವನು ಏನೋ ಹೇಳಲು ಬಾಯಿ ತೆರೆದ. ಕೇಳುವ ತಾಳ್ಮೆ ಅವಳಿಗಿರಲಿಲ್ಲ.

*ಅಷ್ಟು ಒಳ್ಳೆಯ ಕಣ್ಣಿರುವ ಮನುಷ್ಯನಿಗೆ ಇಷ್ಟು ಕಲ್ಲು ಮನಸ್ಸಾ?*

ಆ ಸಂಜೆ ಅಜ್ಜಿಯಿಂದ ನಂಬರು ಪಡೆದ ಅವನ ಫೋನ್ ಬಂತು. 'ನಾನು ಉಲ್ಲಾಸ' ಅನ್ನುತ್ತಲೇ ಕತ್ತರಿಸಿದಳು. ಮತ್ತೆ ಬಂತು. ಮತ್ತೆ ಕತ್ತರಿಸಿದಳು. ಕೊನೆಗೆ ನಂಬರನ್ನೇ ಬ್ಲಾಕ್ ಮಾಡಿದಳು.

ಮೂರನೇ ದಿನ ಬೆಳಿಗ್ಗೆ ಗೇಟಿನಲ್ಲಿ ಹೊಸ ಬೋರ್ಡು ತೂಗುತ್ತಿತ್ತು. 'ಖಾಸಗಿ ಸ್ಥಳ. ಅನುಮತಿಯಿಲ್ಲದೆ ವಾಹನಗಳಿಗೆ ಪ್ರವೇಶವಿಲ್ಲ.' ಒಳಗೆ, ಅಂಗಳದ ನಟ್ಟನಡುವೆ, ಒಂದು ಲಾರಿ!

ತನುಜಾಳ ರಕ್ತ ಕುದಿಯಿತು. 'ನಮ್ಮನ್ನ ಓಡಿಸಿ ಲಾರಿಗೆ ಜಾಗ ಕೊಟ್ನಾ?' ಗೇಟು ನೂಕಿ ಒಳಹೊಕ್ಕವಳೇ ಲಾರಿಯ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಗಾಳಿ ಬಿಡಲು ಒಂದು ಕಡ್ಡಿ ಹುಡುಕಿದಳು.

"ಆ ಕಡ್ಡಿ ಕೆಳಗಿಡಿ, ತನುಜಾ."

ಉಲ್ಲಾಸ! ಬೈಯಲಿಲ್ಲ, ಕೂಗಲಿಲ್ಲ. ಸುಮ್ಮನೆ ಬಂದು ಅವಳ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತ.

"ನಿಮ್ಮ ಲಾರಿ ಅಂತ ಹೊಟ್ಟೆ ಉರೀತಾ?" ತನುಜಾ ಕೆಣಕಿದಳು.

"ನನ್ನದಲ್ಲ, ಮಾರಾಯ್ರೆ! ನಿನ್ನೆ ಸಂಜೆ ಯಾರೋ ಕೇಳದೇ ನಿಲ್ಸಿ ಹೋಗಿದಾರೆ."

"ಹಾಗಾದ್ರೆ ಗಾಳಿ ಬಿಟ್ರೆ ಎಂತ ತಪ್ಪು?"

"ಜಾಗ ನಮ್ದು, ಲಾರಿ ನಮ್ದಲ್ವಲ್ಲ. ಹಾಳು ಮಾಡಿದ್ರೆ ಕೇಸು ನಮ್ಮ ಮೇಲೇ ತಿರುಗ್ತದೆ. ತೆಗೀರಿ ಅನ್ಬಹುದು, ತೆಗೀದಿದ್ರೆ ಪೊಲೀಸರಿಗೆ ಅರ್ಜಿ ಕೊಡ್ಬಹುದು. ಈಗಷ್ಟೇ ಕೊಟ್ಟು ಬಂದೆ. ಮಧ್ಯಾಹ್ನದೊಳಗೆ ಡ್ರೈವರ್ ಬರ್ತಾನಂತೆ."

ಅವನು ಚೀಲದಿಂದ ಕಾಗದಗಳನ್ನು ತೆಗೆದು ಅವಳ ಕೈಗಿಟ್ಟ. ಮೊದಲನೆಯದು ಮಂಜಿ ಅಜ್ಜಿ ಸಹಿ ಹಾಕಿದ ಅನುಮತಿ ಪತ್ರ. ಬೆಳಿಗ್ಗೆ ಏಳರಿಂದ ಎಂಟು, ಗೇಟು ಹಾಕಿಕೊಂಡು ತನುಜಾ ಇಲ್ಲಿ ಸ್ಕೂಟರ್ ಕಲಿಸಬಹುದು! ಅದರ ಕೆಳಗೆ ಲರ್ನಿಂಗ್ ಲೈಸೆನ್ಸಿಗೆ ಬೇಕಾದ ದಾಖಲೆಗಳ ಪಟ್ಟಿ. ಒಂದಲ್ಲ, ಹನ್ನೊಂದು ಪ್ರತಿ. ಒಂದೊಂದರ ಮೇಲೂ ಒಬ್ಬೊಬ್ಬ ಹೆಂಗಸಿನ ಹೆಸರು.

ಅಕ್ಷರಗಳು ಮಂಜಾದವು. ಅವಳು ರೆಪ್ಪೆ ಬಡಿದಳು.

"ಇದನ್ನ... ಮೊದಲೇ ಯಾಕೆ ಹೇಳ್ಲಿಲ್ಲ?"

"ಹದಿನಾಲ್ಕು ಸಲ ಫೋನ್ ಮಾಡಿದೆ."

ಅವಳು ತಲೆ ತಗ್ಗಿಸಿದಳು. ಉಲ್ಲಾಸ ಲಾರಿಯ ಚಕ್ರವನ್ನೇ ನೋಡುತ್ತ ಮೆಲ್ಲಗೆ ಹೇಳಿದ.

"ನಾನು ಯಲ್ಲಾಪುರದಲ್ಲಿ ಇನ್ಶೂರೆನ್ಸ್ ಸರ್ವೇಯರ್. ಅಪಘಾತ ಆದ ಗಾಡಿ ನೋಡೋದೇ ನನ್ನ ಕೆಲಸ. ಹೋದ ವರ್ಷ ಮಂಚಿಕೇರಿ ಕಡೆ ಒಬ್ರು ಅಕ್ಕ, ನಿಮ್ಮ ಮುರಿಗೆವ್ವನ ವಯಸ್ಸು... ಹಿಂಗೇ ಕಲೀತಾ ಬಿದ್ರು. ಲೈಸೆನ್ಸ್ ಇರ್ಲಿಲ್ಲ. ಕ್ಲೇಮ್ ಕೊಡೋಕೆ ಬರಲ್ಲ ಅಂತ ಬರೆದುಕೊಟ್ಟವ ನಾನೇ. ಅವರು ಈಗ್ಲೂ ಕುಂಟ್ತಾ ನಡೀತಾರೆ."

ತನುಜಾ ಕಡ್ಡಿಯನ್ನು ದೂರ ಎಸೆದಳು.

*ಕಲ್ಲು ಮನಸ್ಸಂತೆ! ನಾನೇ ಎಂಥ ದಡ್ಡಿ...*

"ನಾಳೆಯಿಂದ್ಲೇ ಅರ್ಜಿ ಹಾಕ್ಸೋಣ," ಎಂದಳು. "ಆದ್ರೆ ಮುರಿಗೆವ್ವನ ಫೋಟೋ ನೀವೇ ತೆಗೆಸಿ. ಕ್ಯಾಮೆರಾ ಎದುರು ಕಣ್ಣೇ ಬಿಡಲ್ಲ ಅವಳು!"

ಅವನು ನಕ್ಕ. ಆ ನಗುವಿಗೆ ಅವಳ ಎದೆಯೊಳಗೆ ಏನೋ ಮೆತ್ತಗೆ ಜಾರಿತು.

ಲರ್ನಿಂಗ್ ಲೈಸೆನ್ಸ್ ಕೈಗೆ ಬಂದ ದಿನದಿಂದ ಮತ್ತೆ ಕ್ಲಾಸು ಶುರುವಾಯಿತು. ಉಲ್ಲಾಸ ವಾರಕ್ಕೆರಡು ಸಲ 'ಅಜ್ಜಿಯನ್ನು ನೋಡಲು' ಬರತೊಡಗಿದ. ಅಜ್ಜಿಯ ಮನೆ ಪೇಟೆಯಲ್ಲಿ. ಅವನು ಬರುತ್ತಿದ್ದದ್ದು ಮಾತ್ರ ನೇರ ಗಿರಣಿಗೆ!

ಮೇ ತಿಂಗಳ ಕೊನೆಯಲ್ಲಿ ಶಿರಸಿಯಲ್ಲಿ ಟೆಸ್ಟು. ಮುರಿಗೆವ್ವ ಕಾಲು ನೆಲಕ್ಕೂರದೆ ಎಂಟರ ಆಕಾರ ಸುತ್ತಿ ಬಂದು ತನುಜಾಳನ್ನು ಬಾಚಿ ತಬ್ಬಿಕೊಂಡಳು.

"ಪಾಸಾದೆ ನೋಡ್ರೀ ಅಕ್ಕಾರ! ಇನ್ನ ನಿಮ್ಮ ಮದವಿಗೂ ನಾ ಗಾಡಿ ಮ್ಯಾಲನ ಬರಾಕಿ!"

ಹೇಳುತ್ತ ಉಲ್ಲಾಸನತ್ತ ಕಣ್ಣು ಹೊಡೆದಳು. ಅವನು ಕಿವಿಯವರೆಗೆ ಕೆಂಪಾದ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ತನುಜಾ ಒಬ್ಬಳೇ ಇದ್ದಳು. ಉಲ್ಲಾಸ ಒಂದು ಕಾಗದ ಹಿಡಿದು ಹಿಂದೆ ಮುಂದೆ ನೋಡುತ್ತ ಬಂದ.

"ಇನ್ನೊಂದು ಲರ್ನಿಂಗ್ ಲೈಸೆನ್ಸಾ? ಯಾರದ್ದು?"

"ನಂದು."

"ನಿಮ್ದಾ!"

"ಮುರಿದ ಸ್ಕೂಟರ್ ಸಾವಿರ ನೋಡಿದೀನಿ, ತನುಜಾ. ಒಂದನ್ನೂ ಓಡಿಸಿಲ್ಲ. ಹೆದರಿಕೆ."

ಅವಳು ನಗಲಿಲ್ಲ. ಅವನನ್ನು ಸೀಟಿನ ಮೇಲೆ ಕೂರಿಸಿ, ಅವನ ಗಟ್ಟಿಮುಷ್ಟಿಯ ಮೇಲೆ ತನ್ನ ಕೈಯಿಟ್ಟಳು.

"ಸಡಿಲ ಬಿಡಿ. ನಾನಿದ್ದೇನಲ್ಲ."

ಸ್ಕೂಟರ್ ತೂರಾಡುತ್ತ ಹೊರಟಿತು. ಅವಳು ಪಕ್ಕದಲ್ಲೇ ಓಡಿದಳು. ಒಂದು ಸುತ್ತು... ಎರಡು ಸುತ್ತು... ಮೂರನೆಯದರಲ್ಲಿ ಅವನು ಬ್ರೇಕ್ ಹಿಡಿದು ನಿಲ್ಲಿಸಿದ. ಇಬ್ಬರಿಗೂ ಏದುಸಿರು.

"ತನುಜಾ... ಅಜ್ಜಿನ ಕರ್ಕೊಂಡು ನಿಮ್ಮನೆಗೆ ಬರ್ಲಾ? ಮಾತಾಡೋಕೆ?"

ಅವಳ ಕೆನ್ನೆ ಬಿಸಿಯಾಯಿತು. ಹ್ಯಾಂಡಲ್ ಮೇಲಿದ್ದ ಕೈ ಹಿಂದೆಗೆಯಲಿಲ್ಲ.

"ಎಂತಕ್ಕೆ ಅಂತ ಬಾಯಿಬಿಟ್ಟು ಹೇಳಿ."

"ನೀವಿಲ್ಲದ ದಿನ ನಂಗೆ ದಿನ ಅನ್ನಿಸ್ತಾ ಇಲ್ಲ. ಅದಕ್ಕೆ."

ಕಣ್ಣು ತುಂಬಿ ಬಂದರೂ ಅವಳ ತುಟಿಯ ಮೇಲೆ ತುಂಟ ನಗುವೊಂದು ಮೂಡಿತು.

"ಭಾನುವಾರ ಬನ್ನಿ."

"ಸ್ಕೂಟರ್ ಪೂರ್ತಿ ಕಲಿತು, ನಾನೇ ಓಡಿಸ್ಕೊಂಡು ಬರ್ಬೇಕು ಅಂತ ಆಸೆ..."

"ಬೇಡ, ಬಸ್ಸಿಗೇ ಬನ್ನಿ," ಎಂದಳು ತನುಜಾ. "ಅಲ್ಲೀವರೆಗೆ ಕಾಯೋಕೆ ನನ್ನಿಂದಾಗಲ್ಲ!"