ಸುತ್ತಿಗೆಯನ್ನು ಅದರ ಜಾಗದಲ್ಲಿಟ್ಟವನು

ಸೋಮವಾರ ಬೆಳಗ್ಗೆ ಒಂಬತ್ತೂಕಾಲಿಗೆ ಠಾಣೆಯ ಮೆಟ್ಟಿಲು ಹತ್ತಿದ ಸಿನಿಮಾ ಕಂಪನಿಯ ಮ್ಯಾನೇಜರ್ ಬಾಲ ಸುಟ್ಟ ಬೆಕ್ಕಿನ ಹಾಗೆ ಒದ್ದಾಡುತ್ತಿದ್ದ. ಕುರ್ಚಿ ತೋರಿಸಿದರೆ ಕೂರಲಿಲ್ಲ. ನೀರು ಕೊಟ್ಟರೆ ಅರ್ಧ ತಾನು ಕುಡಿದು ಅರ್ಧ ಅಂಗಿಗೆ ಕುಡಿಸಿದ.

"ನಮ್ಮ ಸಿನಿಮಾನ ಒಡೆದುಹಾಕಿದ್ದಾರೆ ಸಾರ್."

"ಒಡೆಯೋಕೆ ಅದೇನು ಗಡಿಗೆನಾ?" ಎಂದ ಹೆಡ್ ಕಾನ್‌ಸ್ಟೇಬಲ್. "ನೆಟ್ಟಗೆ ಹೇಳಿ."

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದು ಕಾದ. ಅವಸರದಲ್ಲಿ ಬರೆದ ದೂರು ಅರೆಬೆಂದ ಅಡುಗೆಯಂತೆ, ಆಮೇಲೆ ಹೊಟ್ಟೆನೋವು ತಪ್ಪಿದ್ದಲ್ಲ ಎಂಬುದು ಅವನ ನಂಬಿಕೆ. ನಿಧಾನವಾಗಿ ಕೇಳಿದ ಮೇಲೆ ಹೊರಬಿದ್ದದ್ದು ಇಷ್ಟು: ಭಾನುವಾರ ರಜೆ ಇದ್ದಾಗ ಯಾರೋ ಸಂಕಲನದ ಕೋಣೆಗೆ ನುಗ್ಗಿ, ಚಿತ್ರ ತುಂಬಿಟ್ಟಿದ್ದ ಡಿಸ್ಕನ್ನು ಜಜ್ಜಿ ಪುಡಿ ಮಾಡಿದ್ದಾರೆ. ಶುಕ್ರವಾರ ಮೊದಲ ಪ್ರದರ್ಶನವಿದೆ. ಆಹ್ವಾನಿತರಲ್ಲಿ ಮೊದಲ ಕುರ್ಚಿ ಗಡಿಬಿಡಿಯ ಹೆಂಡತಿಗೆ ಮೀಸಲು.

ಗಡಿಬಿಡಿ ಎಂದರೆ ಯಾರೆಂದು ಆ ಊರಿನಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. ರಂಗದ ಮೇಲೆ ಕಾಲಿಟ್ಟರೆ ಸಾಕು, ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಹಾಸ್ಯಗಾರ. ಅವನು ತೀರಿಕೊಂಡ ಮೇಲೆ ಅವನ ಬಾಳನ್ನೇ ಹಾಡುಗಳ ನಾಟಕ ಮಾಡಿದರು, ಅದು ವರ್ಷಗಟ್ಟಲೆ ಓಡಿತು. ಈಗ ಆ ನಾಟಕವೇ ಸಿನಿಮಾ ಆಗಿತ್ತು.

"ನಾನು ನಾಟಕ ನಾಲ್ಕು ಸಲ ನೋಡಿದೀನಿ ಸಾರ್," ಎಂದ ಹೆಡ್ ಕಾನ್‌ಸ್ಟೇಬಲ್, ಜೀಪು ಏರುತ್ತ. "ಮಗು ಸಾಯೋ ಸೀನಲ್ಲಿ ನಾಲ್ಕು ಸಲಾನೂ ಅತ್ತಿದೀನಿ. ಆ ಸಾಹುಕಾರನಿಗೆ ನಾಲ್ಕು ಸಲಾನೂ ಥೂ ಅಂತ ಉಗಿದಿದೀನಿ."

ಆ ದೃಶ್ಯ ಇನ್ಸ್‌ಪೆಕ್ಟರನಿಗೂ ಗೊತ್ತಿತ್ತು. ಗಡಿಬಿಡಿ ಬಣ್ಣ ಹಚ್ಚಿಕೊಂಡು ಕೂತಿರುವಾಗ ಅವನ ಮನೆಯಿಂದ ಫೋನ್ ಬರುತ್ತದೆ. ಮಗುವಿಗೆ ಜ್ವರ ಏರಿದೆ, ಅಪ್ಪನನ್ನು ಕೇಳುತ್ತಿದೆ, ತಕ್ಷಣ ಬರಲಿ. ಫೋನ್ ಎತ್ತಿದ ಜೊತೆಗಾರ ಸಾಹುಕಾರ, ಆಟ ನಿಲ್ಲಬಾರದೆಂದು ಸುದ್ದಿಯನ್ನು ನುಂಗಿಕೊಳ್ಳುತ್ತಾನೆ. ಏನೂ ಅರಿಯದ ತಂದೆ ಊರನ್ನೆಲ್ಲ ನಗಿಸಿ ಮನೆಗೆ ಹೋಗುವ ಹೊತ್ತಿಗೆ ಮಗು ಇರುವುದಿಲ್ಲ. ಸಾಹುಕಾರನೆಂದರೆ ಅಡ್ಡಹೆಸರು. ಗಡಿಬಿಡಿಯ ಎದುರು ಸದಾ ಸಿಡುಕು ಶ್ರೀಮಂತನ ಪಾತ್ರ ಹಾಕುತ್ತಿದ್ದ ನಟ ಅವನು. ವಿಚಿತ್ರವೆಂದರೆ, ನಾಟಕದಲ್ಲಿ ತನ್ನ ಪಾತ್ರವನ್ನು ತಾನೇ ಮಾಡುತ್ತಿದ್ದ. ಪ್ರತಿ ಆಟದಲ್ಲೂ ಸುದ್ದಿ ಮುಚ್ಚಿಟ್ಟು, ಪಾಪಿಯ ಹಾಡು ಹಾಡಿ, ಜನರಿಂದ ಉಗಿಸಿಕೊಂಡು ಒಳಗೆ ಹೋಗುತ್ತಿದ್ದ.

ಹತ್ತೂವರೆಗೆ ಎದುರಿನ ದರ್ಜಿಯನ್ನೂ ಚಹಾದಂಗಡಿಯವನನ್ನೂ ಪಂಚರನ್ನಾಗಿ ಕರೆದುಕೊಂಡು ಪಂಚನಾಮೆ ಶುರುವಾಯಿತು. ಮಹಡಿಯ ಮೇಲಿನ ಇಕ್ಕಟ್ಟಾದ ಕೋಣೆ. ಎರಡು ಕಂಪ್ಯೂಟರ್, ದುಬಾರಿ ಕ್ಯಾಮೆರಾ, ಆಳೆತ್ತರದ ಸ್ಪೀಕರ್, ಯಾವುದಕ್ಕೂ ಗೀರು ಕೂಡ ಬಿದ್ದಿರಲಿಲ್ಲ. ನೆಲದ ಮೇಲೆ ಅಂಗೈಯಗಲದ ಕರಿ ಪೆಟ್ಟಿಗೆಯಂಥ ಆ ಡಿಸ್ಕು ಮಾತ್ರ ಚೂರುಚೂರಾಗಿತ್ತು. ಬೀಗ ಮುರಿದಿರಲಿಲ್ಲ, ಬೀಗದ ಕೈ ಹೊರಗಿನ ಮೊಳೆಯಲ್ಲೇ ತೂಗುತ್ತಿತ್ತು.

"ಬೀಗ ಹಾಕಿ ಪಕ್ಕದಲ್ಲೇ ಬೀಗದ ಕೈ ನೇತುಹಾಕ್ತೀರಾ?" ಎಂದು ಇನ್ಸ್‌ಪೆಕ್ಟರ್ ಕೇಳಿದ.

"ಎಲ್ಲರಿಗೂ ಬೇಕಾಗುತ್ತಲ್ಲ ಸಾರ್," ಎಂದ ಮ್ಯಾನೇಜರ್.

"ಹಾಗಾದ್ರೆ ಬೀಗ ಯಾರಿಗೆ?"

ಕೆಳಗಿನ ಹಜಾರದಲ್ಲಿ ಚಿತ್ರೀಕರಣದ ಸಾಮಾನುಗಳನ್ನು ರಾಶಿ ಹಾಕಿದ್ದರು. ಹಳೆಯ ನಾಟಕ ಕಂಪನಿಯಿಂದ ತಂದ ಉದ್ದನೆಯ ಮೇಜೊಂದು ಅಲ್ಲಿತ್ತು. ಅದರ ಮೇಲೆ ಒಂದೊಂದು ವಸ್ತುವಿನ ಸುತ್ತಲೂ ಬಿಳಿ ಬಣ್ಣದಲ್ಲಿ ಗೆರೆ ಎಳೆದಿದ್ದರು: ಟೋಪಿಗೆ ಟೋಪಿಯ ಗೆರೆ, ಗಂಟೆಗೆ ಗಂಟೆಯ ಗೆರೆ. ಕತ್ತಲಲ್ಲಿ ಕೈಚಾಚಿದರೂ ಬೇಕಾದದ್ದು ಸಿಗಲೆಂದು ರಂಗದವರು ಮಾಡಿಕೊಂಡ ವ್ಯವಸ್ಥೆ. ಸಿನಿಮಾದವರು ಮಾತ್ರ ಅದನ್ನು ಬಾಡಿಗೆ ಮನೆಯಂತೆ ಬಳಸಿದ್ದರು. ಟೋಪಿಯ ಜಾಗದಲ್ಲಿ ಚಹಾದ ಲೋಟ, ಗಂಟೆಯ ಜಾಗದಲ್ಲಿ ಯಾರದೋ ಒಂಟಿ ಶೂ. ಅಷ್ಟೂ ಅಸ್ತವ್ಯಸ್ತದ ನಡುವೆ ಒಂದೇ ಒಂದು ವಸ್ತು ತನ್ನ ಗೆರೆಯೊಳಗೆ ನೆಟ್ಟಗೆ ಮಲಗಿತ್ತು. ಅದು ಗಡಿಬಿಡಿ ತಟ್ಟೆ ಒಡೆಯುವ ಆಟಕ್ಕೆ ಬಳಸುತ್ತಿದ್ದ ಸುತ್ತಿಗೆ.

ಇನ್ಸ್‌ಪೆಕ್ಟರ್ ಬಗ್ಗಿ ನೋಡಿದ. ಸುತ್ತಿಗೆಯ ತಲೆಯ ಬಿರುಕಿನಲ್ಲಿ ಕರಿ ಪ್ಲಾಸ್ಟಿಕ್ಕಿನ ಸಿಬಿರು ಸಿಕ್ಕಿಕೊಂಡಿತ್ತು.

"ಕದ್ದು ಬಂದೋನು ಸಾಮಾನು ಒಪ್ಪವಾಗಿ ಎತ್ತಿಟ್ಟು ಹೋಗೋದನ್ನ ನನ್ನ ಸರ್ವೀಸಲ್ಲಿ ಕಂಡಿಲ್ಲ," ಎಂದ ಹೆಡ್ ಕಾನ್‌ಸ್ಟೇಬಲ್. "ನಮ್ಮ ಮನೇಲಿ ಮಕ್ಕಳೂ ಇಡಲ್ಲ."

ಸುತ್ತಿಗೆಯನ್ನು ಜಪ್ತಿ ಮಾಡಿ, ಬಟ್ಟೆಯಲ್ಲಿ ಸುತ್ತಿ, ಪಂಚರ ಸಹಿ ಹಾಕಿಸಿದರು. ಅಷ್ಟರಲ್ಲಿ ಸಂಕಲನ ಮಾಡುವ ಹುಡುಗಿ ಬಂದಳು. ಚೂರುಗಳನ್ನು ನೋಡಿ ಅವಳಿಗೆ ಗಾಬರಿಯೇ ಆಗಲಿಲ್ಲ.

"ಇದರ ಇನ್ನೆರಡು ಪ್ರತಿ ಬೇರೆ ಕಡೆ ಇವೆ. ನಾವು ಯಾವುದನ್ನೂ ಒಂದೇ ಕಡೆ ಇಡಲ್ಲ. ಸಿನಿಮಾದಲ್ಲಿ ಕಸ ಗುಡಿಸೋರಿಗೂ ಇದು ಗೊತ್ತು."

ಮ್ಯಾನೇಜರನಿಗೆ ಹೋದ ಜೀವ ಬಂತು. ಹಾಗಾದರೆ ದೂರು ವಾಪಸ್ ತೆಗೆದುಕೊಳ್ಳಬಹುದಲ್ಲ ಎಂದು ಹಲ್ಲುಗಿಂಜಿದ. ಎಫ್‌ಐಆರ್ ಆಗಿದೆ, ಬಾಯಿಂದ ಬಿದ್ದ ಮಾತನ್ನು ಮತ್ತೆ ನುಂಗಲು ಬರುವುದಿಲ್ಲ ಎಂದು ಇನ್ಸ್‌ಪೆಕ್ಟರ್ ಅವನ ಬಾಯಿ ಮುಚ್ಚಿಸಿದ. ಇನ್ಸ್‌ಪೆಕ್ಟರನ ತಲೆಯಲ್ಲಿ ಲೆಕ್ಕ ಬೇರೆಯೇ ನಡೆದಿತ್ತು. ಒಡೆದವನಿಗೆ ಮೇಜಿನ ಮೇಲೆ ಸುತ್ತಿಗೆಯ ಜಾಗ ಗೊತ್ತು, ಸಿನಿಮಾಕ್ಕೆ ಪ್ರತಿಗಳಿರುತ್ತವೆ ಎಂದು ಮಾತ್ರ ಗೊತ್ತಿಲ್ಲ. ಅಂದರೆ ಅವನು ನಾಟಕದವನು.

"ಹಳೆ ನಾಟಕದಿಂದ ಇಲ್ಲಿಗೆ ಬಂದವರು ಯಾರು?"

"ಇಬ್ಬರೇ. ಬಣ್ಣ ಹಚ್ಚೋ ಅಕ್ಕ, ಆಮೇಲೆ ಸಾಹುಕಾರ ಅಜ್ಜ. ಅಜ್ಜ ಸಲಹೆಗಾರರು. ಅವರ ಪಾತ್ರ ಬೇರೆ ಹುಡುಗ ಮಾಡಿದಾನೆ."

"ಕೊನೇ ಸಲ ಯಾರಿಗೆ ಚಿತ್ರ ತೋರಿಸಿದ್ರಿ?"

"ಶನಿವಾರ ಮಧ್ಯಾಹ್ನ ಅಜ್ಜನಿಗೇ ತೋರಿಸ್ದೆ, ಮಗುವಿನ ದೃಶ್ಯ. ನಿರ್ದೇಶಕರು ಅದನ್ನ ಬದಲಾಯಿಸಿದಾರೆ. ಸಿನಿಮಾದಲ್ಲಿ ಗಡಿಬಿಡಿಗೆ ಸುದ್ದಿ ಗೊತ್ತಾಗುತ್ತೆ. ಗೊತ್ತಾದ ಮೇಲೂ ಸ್ಟೇಜಿಗೆ ಹೋಗಿ ನಗಿಸ್ತಾನೆ. ಅಜ್ಜ ಕೊನೇವರೆಗೂ ನೋಡಿದ್ರು. 'ಈಗ ಇದು ಎಲ್ಲಿದೆ ಮಗಳೇ?' ಅಂದ್ರು. ಈ ಪೆಟ್ಟಿಗೆಯೊಳಗೆ ಅಂತ ತೋರಿಸ್ದೆ." ಹುಡುಗಿ ಚೂರುಗಳ ಕಡೆ ತಿರುಗಿ ನೋಡಿದಳು. ಅವಳ ದನಿ ತಗ್ಗಿತು. "ಅಯ್ಯೋ, ಅಜ್ಜನಾ?"

ಇಂಥ ಬದಲಾವಣೆಯನ್ನು ನಿರ್ದೇಶಕ ಎಲ್ಲಿಂದ ಹೆಕ್ಕಿದ ಎಂದು ವಿಚಾರಿಸಿದಾಗ ದಾರಿ ಬಣ್ಣದ ಅಕ್ಕನ ಮನೆಗೆ ಹೋಯಿತು. ಮಧ್ಯಾಹ್ನ ಎರಡಕ್ಕೆ ಇನ್ಸ್‌ಪೆಕ್ಟರ್ ಹೋದಾಗ ಮುದುಕಿ ಕಿಟಕಿಯ ಬಳಿ ಕೂತು ನಾಟಕದ ಕೂದಲ ಟೋಪನ್ನು ಬಾಚುತ್ತಿದ್ದಳು. ಪೊಲೀಸರನ್ನು ಕಂಡು ಬಾಚಣಿಗೆ ಕೆಳಗಿಟ್ಟಳು.

"ಆವತ್ತು ಫೋನ್ ಎತ್ತಿದ್ದು ಯಾರಮ್ಮ?"

"ನಾನು." ಅವಳು ಟೋಪನ್ನು ಪಕ್ಕಕ್ಕೆ ಸರಿಸಿದಳು. "ಸಾಹುಕಾರ ಅಲ್ಲವೇ ಅಲ್ಲ, ನಾನು. ಬಂದು ಇಬ್ಬರಿಗೂ ಹೇಳ್ದೆ. ಸಾಹುಕಾರ ಕಾಲು ಹಿಡಿದ, 'ಹೋಗೋ ಮಾರಾಯ, ಆಟ ನಾನು ನೋಡ್ಕೋತೀನಿ' ಅಂತ ಗೋಗರೆದ. ಗಡಿಬಿಡಿ ಕನ್ನಡಿ ನೋಡ್ತಾ ಕೂತಿದ್ದ. 'ಮನೆಗೆ ಹೋದ್ರೆ ನಿಜ ಆಗ್ಬಿಡುತ್ತೆ. ಇಲ್ಲೇ ಇದ್ರೆ ಅದಿನ್ನೂ ಬರೀ ಜ್ವರ' ಅಂದ. ಅಷ್ಟು ಹೇಳಿ ಎದ್ದು ಸ್ಟೇಜಿಗೆ ಹೋದ. ಆವತ್ತು ನಗಿಸಿದ ಹಾಗೆ ಯಾವತ್ತೂ ನಗಿಸಿರಲಿಲ್ಲ ಅವನು."

"ಮತ್ತೆ ಈ ಕತೆ?"

"ಆ ತಾಯಿ ಮಗೂನ ಮಡಿಲಲ್ಲಿಟ್ಕೊಂಡು 'ನಿಮಗೆ ಗೊತ್ತಿರಲಿಲ್ವಾ?' ಅಂತ ಗಂಡನ್ನ ಕೇಳಿದಳು. ಅವನ ಬಾಯಿಂದ ಮಾತೇ ಹೊರಡಲಿಲ್ಲ. ಆಗ ಜೊತೆಗೆ ಹೋಗಿದ್ದ ಸಾಹುಕಾರ ಮುಂದೆ ಬಂದು 'ನಾನು ಹೇಳಲಿಲ್ಲ' ಅಂದ. ಅಷ್ಟೇ ಸಾರ್. ಆವತ್ತಿಂದ ಆ ಮನೆ ಬಾಗಿಲು ಅವನಿಗೆ ಮುಚ್ಚಿತು. ದಿನಾ ಊಟ ಮಾಡ್ತಿದ್ದ ಮನೆ ಅದು. ಮಗು ಅವನನ್ನ ಮಾಮ ಅಂತಿತ್ತು." ಮುದುಕಿ ಕಣ್ಣೊರೆಸಿಕೊಂಡಳು. "ವಯಸ್ಸಾಯ್ತು, ಒಬ್ಬರಾದ್ರೂ ಅವನನ್ನ ಒಳ್ಳೆಯವನು ಅನ್ನಲಿ ಅಂತ ನಿರ್ದೇಶಕನ ಹತ್ತಿರ ಬಾಯಿಬಿಟ್ಟೆ. ಉಪಕಾರ ಮಾಡೋಕೆ ಹೋಗಿ ಅವನ ಕುತ್ತಿಗೆಗೇ ತಂದೆ."

ಇನ್ಸ್‌ಪೆಕ್ಟರನಿಗೆ ಕೇಳಲು ಇನ್ನೂ ಪ್ರಶ್ನೆಗಳಿದ್ದವು. ಕೇಳಲು ಮನಸ್ಸು ಬರಲಿಲ್ಲ. ವರ್ಷಗಟ್ಟಲೆ ಊರೆಲ್ಲ ಉಗಿದದ್ದು ಒಬ್ಬ ನಿರಪರಾಧಿಯ ಮುಖಕ್ಕೆ ಎಂದು ಯೋಚಿಸಿದಾಗ ಅವನಿಗೆ ಸಂಕಟವಾಯಿತು. ಜೀಪಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತ.

ಸಾಹುಕಾರನ ಬಾಡಿಗೆ ಕೋಣೆ ಮುದ್ರಣಾಲಯದ ಹಿಂದಿತ್ತು. ಹೆಸರಿಗಷ್ಟೇ ಸಾಹುಕಾರ. ಒಂದು ಮಂಚ, ಒಂದು ಒಲೆ, ಗೋಡೆಗೆ ಬಡಿದ ಮೊಳೆಯಲ್ಲಿ ಇಸ್ತ್ರಿ ಮಾಡಿದ ಒಂದೇ ಕೋಟು. ಬಾಗಿಲು ತೆರೆದವನ ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

"ಕೈಗೇನಾಯ್ತು?"

"ತರಕಾರಿ ಹೆಚ್ಚುವಾಗ ಕುಯ್ದುಕೊಂಡೆ."

"ಸುತ್ತಿಗೆ ಯಾಕೆ ಮತ್ತೆ ಅದರ ಜಾಗದಲ್ಲೇ ಇಟ್ರಿ?"

"ಇನ್ನೆಲ್ಲಿ ಇಡೋದು?" ಎಂದ ಮುದುಕ, ತೀರ ಸಹಜವಾಗಿ. ಅಂದ ಮೇಲೆ ತಾನು ಏನು ಒಪ್ಪಿಕೊಂಡೆ ಎಂಬುದು ಅವನಿಗೆ ಹೊಳೆಯಿತು. ಹೆಬ್ಬೆರಳಿನ ಬಟ್ಟೆಯನ್ನು ನೋಡುತ್ತ ಸಣ್ಣಗೆ ನಕ್ಕ. "ಐವತ್ತು ವರ್ಷದ ಅಭ್ಯಾಸ ಸಾರ್. ಕೈ ನನ್ನ ಮಾತು ಕೇಳಲ್ಲ."

ಬಾಗಿಲಿಗೆ ತಾನೇ ಬೀಗ ಹಾಕಿ ಜೀಪು ಹತ್ತಿದ. ದಾರಿಯಲ್ಲಿ ಒಂದೇ ಮಾತು ಹೇಳಿದ: "ಹೋಗ್ಲಿ ಬಿಡಿ, ಗಡಿಬಿಡಿ ಹೆಂಡತಿ ಅದನ್ನ ನೋಡೋ ಹಾಗಿಲ್ವಲ್ಲ, ಅಷ್ಟು ಸಾಕು."

ಠಾಣೆಯಲ್ಲಿ ಅವನ ಮುಂದೆ ಚಹಾ ಇಟ್ಟ ಮೇಲೆ ಇನ್ಸ್‌ಪೆಕ್ಟರ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ಹೇಳದೆ ಬಿಡುವಂತಿರಲಿಲ್ಲ. ಶುಕ್ರವಾರ ಹೇಗೂ ಗೊತ್ತಾಗುವುದೇ.

"ಅಜ್ಜ, ಆ ಚಿತ್ರದ ಇನ್ನೆರಡು ಪ್ರತಿ ಇವೆ."

ಮುದುಕನಿಗೆ ಅರ್ಥವಾಗಲಿಲ್ಲ. "ಆದ್ರೆ ನಾನು ಒಡೆದೆನಲ್ಲ," ಎಂದ. ರಂಗದ ಮೇಲೆ ಒಡೆದ ತಟ್ಟೆ ಒಡೆದದ್ದೇ, ಆಡಿದ ಆಟ ಮುಗಿದದ್ದೇ. ಒಂದೇ ದೃಶ್ಯ ಮೂರು ಕಡೆ ಬದುಕಿರುತ್ತದೆ ಎಂಬುದನ್ನು ಅವನಿಗೆ ಎರಡು ಸಲ ಬಿಡಿಸಿ ಹೇಳಬೇಕಾಯಿತು. ಕೇಳಿದ ಮೇಲೆ ಅವನ ಕೈಯ ಲೋಟ ವಾಲಿ ಚಹಾ ಮೇಜಿನ ಮೇಲೆಲ್ಲ ಚೆಲ್ಲಿತು. ಮಕ್ಕಳಂತೆ ಅತ್ತ. ಆಕೆಗೆ ಉಳಿದಿರುವುದು ಅದೊಂದೇ ನಂಬಿಕೆ, ಗೊತ್ತಿದ್ದರೆ ಗಂಡ ಓಡಿ ಬರುತ್ತಿದ್ದ ಎಂಬುದು, ಅದನ್ನೂ ಕಿತ್ತುಕೊಂಡರೆ ಈ ವಯಸ್ಸಿನಲ್ಲಿ ಆಕೆ ಏನು ಇಟ್ಟುಕೊಂಡು ಬದುಕಬೇಕು ಎಂದು ಬಿಕ್ಕಿದ.

ಸ್ವಲ್ಪ ಹೊತ್ತಿನ ಮೇಲೆ ಮುಖ ಒರೆಸಿಕೊಂಡ. "ಆಕೆಯನ್ನ ಇಲ್ಲಿಗೆ ಕರೆಸ್ತೀರಾ?"

"ಯಾಕೆ?"

"ನಾನೊಂದು ಮಾತು ಹೇಳ್ಬೇಕು. ಸುಳ್ಳು."

"ಸುಳ್ಳು ಹೇಳಿಕೆ ಬರ್ಕೊಳ್ಳೋಕೆ ನನಗೆ ಸಂಬಳ ಕೊಡಲ್ಲ ಅಜ್ಜ."

"ನೀವು ಬರ್ಕೊಬೇಡಿ. ಆಕೆ ಕೇಳಿಸ್ಕೊಂಡ್ರೆ ಸಾಕು."

ಆಕೆ ಸಂಜೆ ಐದಕ್ಕೆ ಬಂದಳು. ಎತ್ತರದ ಹೆಂಗಸು, ಬೆನ್ನು ಇನ್ನೂ ಬಾಗಿರಲಿಲ್ಲ. ಬೆಂಚಿನ ಮೇಲಿದ್ದವನನ್ನು ಕಂಡ ಕೂಡಲೇ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಮುದುಕ ಎದ್ದು ನಿಂತ. ನೋಡುತ್ತಿದ್ದಂತೆ ಅವನ ಎದೆ ಮುಂದೆ ಬಂತು, ಕೆಳದುಟಿ ಜೋತುಬಿತ್ತು. ಊರು ಉಗಿಯುತ್ತಿದ್ದ ಆ ಸಾಹುಕಾರನೇ ಠಾಣೆಯಲ್ಲಿ ನಿಂತಿದ್ದ.

"ಶುಕ್ರವಾರ ಸಿನಿಮಾದಲ್ಲಿ ನೋಡ್ತೀಯ. ನಿನ್ನ ಗಂಡನಿಗೆ ಗೊತ್ತಿತ್ತು, ಗೊತ್ತಿದ್ದೂ ಆಟ ಆಡ್ದ ಅಂತ ತೋರಿಸಿದಾರೆ. ನಾನೇ ಹೇಳಿ ಬರೆಸಿದ್ದು."

ಆಕೆ ತಿರುಗಿದಳು.

"ಎಷ್ಟು ವರ್ಷ ಅಂತ ಉಗಿಸ್ಕೊಳ್ಳಲಿ ನಾನು? ಸತ್ತೋನು ಎದ್ದು ಬಂದು ಇಲ್ಲ ಅಂತಾನಾ? ಬಣ್ಣದ ಅಕ್ಕನಿಗೂ ಹೇಳ್ಕೊಟ್ಟೆ, ಅವಳೂ ಗಿಣಿ ಹಾಗೆ ಒಪ್ಪಿಸಿದಳು."

"ಮತ್ತೆ ಒಡೆದದ್ದು ಯಾಕೆ?" ಆಕೆಯ ದನಿ ಗಡುಸಾಗಿತ್ತು.

"ನನ್ನ ಹಾಡನ್ನೇ ಕತ್ತರಿಸಿ ಬಿಸಾಕಿದ್ರು! ಇಡೀ ಸಿನಿಮಾದಲ್ಲಿ ನನ್ನ ಪಾತ್ರ ಲೆಕ್ಕಕ್ಕೇ ಇಲ್ಲ. ಸಿಟ್ಟು ಬಂತು, ಒಡೆದೆ."

"ಥೂ," ಎಂದಳು ಆಕೆ. "ನನ್ನ ಮಗು ನಿನ್ನನ್ನ ಮಾಮ ಅಂತಿತ್ತಲ್ಲೋ. ನಿನ್ನ ಬಾಯಿಗೆ ಹುಳ ಬೀಳ. ಗೊತ್ತಿದ್ದಿದ್ರೆ ಅವರು ಮುಖದ ಬಣ್ಣ ಕೂಡ ಒರೆಸ್ಕೊಳ್ಳದೆ ಓಡಿ ಬರ್ತಿದ್ರು."

"ಬರ್ತಿದ್ದ," ಎಂದ ಮುದುಕ. "ನಾನೇ ಬಿಡಲಿಲ್ಲ."

ಆಕೆ ಬಾಗಿಲಿನ ತನಕ ಹೋಗಿ ಇನ್ಸ್‌ಪೆಕ್ಟರನ ಕಡೆ ನೋಡಿದಳು. "ಶುಕ್ರವಾರ ಹೋಗ್ತೀನಿ ನಾನು. ಸುಳ್ಳು ಅಂತ ಗೊತ್ತಾದ ಮೇಲೆ ನೋಡೋಕೇನು ಭಯ? ಅಲ್ವಾ?"

"ಹೌದಮ್ಮ," ಎಂದ ಇನ್ಸ್‌ಪೆಕ್ಟರ್. ಇಷ್ಟು ವರ್ಷದ ನೌಕರಿಯಲ್ಲಿ ಒಂದು ಮಾತು ಹೇಳಲು ಅವನಿಗೆ ಇಷ್ಟು ಕಷ್ಟವಾಗಿರಲಿಲ್ಲ.

ಹೆಡ್ ಕಾನ್‌ಸ್ಟೇಬಲ್ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದ. ಬಂದವನು ಮುದುಕನಿಗೆ ಇನ್ನೊಂದು ಲೋಟ ಚಹಾ ತಂದುಕೊಟ್ಟ, ತಲೆ ಎತ್ತಿ ನೋಡಲಿಲ್ಲ.

ಕೇಸ್ ಡೈರಿಯಲ್ಲಿ ಇನ್ಸ್‌ಪೆಕ್ಟರ್ ಬರೆದ: ಆರೋಪಿಯನ್ನು ಸಂಜೆ ಐದೂಮುಕ್ಕಾಲಿಗೆ ಬಂಧಿಸಲಾಯಿತು. ಚಿತ್ರದ ಒಂದು ದೃಶ್ಯವನ್ನು ಒಬ್ಬರು ನೋಡಬಾರದೆಂಬುದೇ ಕೃತ್ಯದ ಉದ್ದೇಶ. ಯಾರು, ಯಾವ ದೃಶ್ಯ ಎಂದು ಬರೆಯದೆ ಬಿಟ್ಟ. ಆಮೇಲೆ ಬಂಧನದ ಪತ್ರ ತುಂಬಲು ಕೂತ. ಅದರಲ್ಲಿ ಒಂದು ಸಾಲು ಉಳಿದಿತ್ತು.

"ಅಜ್ಜ, ಅರೆಸ್ಟ್ ಆಗಿರೋ ವಿಷಯ ನಿಮ್ಮ ಮನೆಯವರಿಗೆ ತಿಳಿಸ್ಬೇಕು. ಕಾನೂನು. ಯಾರಿಗೆ ತಿಳಿಸ್ಲಿ?"

ಮುದುಕ ಬಾಗಿಲಿನ ಕಡೆ ನೋಡಿದ. ಆಕೆಯ ಹೆಜ್ಜೆ ಸದ್ದು ಕೇಳಿಸುತ್ತಿರಲಿಲ್ಲ.

"ನನಗೆ ಮನೆ ಅಂತ ಇದ್ದದ್ದು ಅದೊಂದೇ ಸಾರ್," ಎಂದ. "ತಿಳಿಸಿ ಆಯ್ತಲ್ಲ."