ಇಫ್ತಾರ್ ಹೊತ್ತಿನ ರಿಲೇ

"ಆ ಗಾಜಿನ ಮುಚ್ಚಳ ಮುಟ್ಟಿದ್ರೆ ಕೈ ಮುರೀತೀನಿ, ಉಸ್ತಾದ್!"

ಹಾಜಿ ಶೆಹಾತ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದ. ಕೈಯಲ್ಲಿ ಮೊಳದುದ್ದದ ಸ್ಪ್ಯಾನರ್. ನೈಲ್ ದಂಡೆಯ ನಮ್ಮೂರಿನ ಸಬ್‌ಸ್ಟೇಷನ್ನಿಗೆ ಇಪ್ಪತ್ತು ವರ್ಷದಿಂದ ಅವನೇ ಆಪರೇಟರ್. ನನ್ನ ಮಗಳ ಮದುವೆಯಲ್ಲಿ ಕುಣಿದವನು!

"ಎಡಗೈ ಮುರಿ, ಹಾಜಿ. ಬಲಗೈ ರಿಪೋರ್ಟ್ ಬರೆಯೋಕೆ ಬೇಕು."

ಸೂರ್ಯ ಮುಳುಗಲು ಎಂಟು ನಿಮಿಷ. ರಂಜಾನಿನ ಉಪವಾಸ. ಇಬ್ಬರ ನಾಲಿಗೆಯೂ ಒಣಗಿತ್ತು.

ನನ್ನ ಕಸುಬು ರಿಲೇ ಪರೀಕ್ಷೆ, ಸ್ವಾಮಿ. ಲೈನಿನಲ್ಲಿ ಕರೆಂಟ್ ಮಿತಿ ಮೀರಿದರೆ ರಿಲೇಯೊಳಗಿನ ತಟ್ಟೆ ತಿರುಗಬೇಕು. ಎರಡು ಬೆಳ್ಳಿಯ ತುದಿಗಳು ಒಂದನ್ನೊಂದು ಮುಟ್ಟಬೇಕು. ಟಪ್! ಲೈನ್ ಸಾಯಬೇಕು.

ಲೈನ್ ಸಾಯದಿದ್ದರೆ ಮನುಷ್ಯ ಸಾಯುತ್ತಾನೆ.

ಲೈನ್‌ಮ್ಯಾನ್ ಫಿಕ್ರಿ ಸತ್ತ.

ಎರಡು ವಾರದ ಹಿಂದೆ, ಇದೇ ಹೊತ್ತಿಗೆ. ತಂತಿ ಹರಿದು ಅವನ ಕಬ್ಬಿಣದ ಏಣಿಯ ಮೇಲೆ ಬಿತ್ತು. ರಿಲೇ ಸುಮ್ಮನಿತ್ತು. ಆಮೇಲೆ ನಾನು ಅದನ್ನು ಮೂರು ಸಲ ಪರೀಕ್ಷಿಸಿದೆ. ಮೂರು ಸಲವೂ ಟಪ್! ರಿಲೇ ಸರಿಯಾಗಿದೆ ಎಂದು ಸಹಿ ಹಾಕಿದೆ. ಆ ಸಹಿ ನೋಡಿ ಮೇಲಿನವರು ಬರೆದರು... ಲೈನ್‌ಮ್ಯಾನನದೇ ಅಜಾಗರೂಕತೆ! ಅವನ ಹೆಂಡತಿ ಇಹ್ಸಾನ್‌ಗೆ ಪಿಂಚಣಿಯೂ ಇಲ್ಲ.

ಅಂದಿನಿಂದ ಫಿಕ್ರಿ ಬರುತ್ತಿದ್ದಾನೆ. ನಮಾಜಿಗೆ ನಿಂತರೆ ಹಿಂದಿನ ಸಾಲಿನಲ್ಲಿ. ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ. ಸುಟ್ಟ ರಬ್ಬರಿನ ವಾಸನೆ ಅಷ್ಟೇ...

ನಿನ್ನೆ ಹೊಳೆಯಿತು. ನಾನು ಪರೀಕ್ಷಿಸಿದ್ದೆಲ್ಲ ಬೆಳಿಗ್ಗೆ, ಹಾಜಿಗೆ ಮೊದಲೇ ಹೇಳಿ ಬಂದು!

ಇವತ್ತು ಹೇಳದೆ ಬಂದಿದ್ದೆ. ರಿಲೇಯ ಗಾಜಿನ ಮುಚ್ಚಳ ಕಿತ್ತೆ.

ಸ್ಪ್ಯಾನರ್ ಬೀಸಿ ಬಂತು. ಬಗ್ಗಿದೆ. ಗೋಡೆಗೆ ಠಣ್! ಹಾಜಿಯ ಮಣಿಕಟ್ಟು ಹಿಡಿದು ತಿರುಚಿದೆ. ಸ್ಪ್ಯಾನರ್ ಉರುಳಿತು.

ಬೆಳ್ಳಿಯ ತುದಿಗಳ ನಡುವೆ ಚಹಾ ಪೊಟ್ಟಣದ ಕಾಗದ, ನಾಲ್ಕು ಮಡಿಕೆ. ತಟ್ಟೆ ಎಷ್ಟು ತಿರುಗಿದರೂ ತುದಿಗಳು ಮುಟ್ಟವು.

"ಫಿಕ್ರಿ ಸತ್ತ ದಿನಾನೂ ಇಟ್ಟಿದ್ದೆಯಾ?"

"ಇಟ್ಟಿದ್ದೆ." ಹಾಜಿ ಕುಸಿದು ಕೂತ. "ಇಫ್ತಾರ್ ಹೊತ್ತಿಗೆ ಇಡೀ ಊರು ಒಲೆ, ಫ್ಯಾನು ಎಲ್ಲಾ ಒಟ್ಟಿಗೆ ಹಾಕುತ್ತೆ. ಊಟದ ಹೊತ್ತಲ್ಲಿ ಕರೆಂಟ್ ಹೋದ್ರೆ ಕಲ್ಲು ಹೊಡೀತಾರೆ! ಅರ್ಧ ಗಂಟೆ ಇಡ್ತೀನಿ, ಆಮೇಲೆ ತೆಗೀತೀನಿ..."

"ಅವನು ಸತ್ತ ಮೇಲೂ ಇಟ್ಟೆಯಲ್ಲೋ!"

"ಫಿಕ್ರಿ ಒಬ್ಬ, ಉಸ್ತಾದ್. ಕಲ್ಲು ಹೊಡೆಯೋರು ಸಾವಿರ." ಅವನು ತಲೆಯೆತ್ತಿದ. "ಅದಿರಲಿ... ಈ ವಿದ್ಯೆ ನನಗೆ ಕಲಿಸಿದ್ದು ಯಾರು? ನನಗಿಂತ ಮುಂಚೆ ಈ ಕುರ್ಚೀಲಿ ಕೂತಿದ್ದು ಯಾರು?"

ಬೆನ್ನ ಹಿಂದೆ ರಬ್ಬರಿನ ವಾಸನೆ.

ನಿನ್ನೆ ಹೊಳೆಯಿತು ಅಂದೆನಲ್ಲ? ಸುಳ್ಳು. ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೇ ಬೆಳಿಗ್ಗೆ ಬರುತ್ತಿದ್ದೆ.

"ರಿಪೋರ್ಟಲ್ಲಿ ನನ್ನ ಹೆಸರು ಬರೀತೀಯಾ?"

"ಎರಡು ಹೆಸರು ಬರೀತೀನಿ. ನಿನ್ನದು, ಶೆಹಾತ. ನನ್ನದು, ಹಿಲ್ಮಿ. ಇಹ್ಸಾನ್ ಮನೇಲಿ ಒಲೆ ಉರೀಲಿ."

"ಇಬ್ಬರೂ ಜೈಲಿಗೆ ಹೋಗ್ತೀವಿ ಕಣೋ!"

"ಹೋಗೋಣ."

ಮಸೀದಿಯಿಂದ ಬಾಂಗ್ ಕೇಳಿತು. ಕಾಗದ ಎಳೆದು ಜೇಬಿಗಿಟ್ಟುಕೊಂಡೆ. ತಟ್ಟೆ ತಿರುಗಿತು... ತಿರುಗಿತು... ಟಪ್!

ಇಡೀ ಊರು ಕತ್ತಲು.

ಹಾಜಿ ಒಂದು ಖರ್ಜೂರ ತೆಗೆದು ಅರ್ಧ ಮಾಡಿ ನನ್ನ ಅಂಗೈಗಿಟ್ಟ. ಬಾಯಿಗೆ ಹಾಕುವಷ್ಟರಲ್ಲಿ ಮೊದಲ ಕಲ್ಲು ಕಿಟಕಿ ಒಡೆಯಿತು.

ನಮ್ಮೂರ ಜನ... ರಿಲೇಗಿಂತ ಚುರುಕು!